ದೇವರ ಹೆಸರಿಲ್ಲದ ಮದುವೆ ಕಾರ್ಡ್: ಮುದ್ರಣದ ಅಂಗಡಿಗಳ ಸೇವೆ ಹೇಗಿದೆ?

ಬೆಂಗಳೂರಿನ ಸುಲ್ತಾನ್‌ಪೇಟೆ, ಚಿಕ್ಕಪೇಟೆಯ ಕಾರ್ಡ್ ಅಂಗಡಿಗಳು, ತಾಲ್ಲೂಕು ಕೇಂದ್ರದ ಚಿಕ್ಕ ಪ್ರೆಸ್ಸುಗಳು, ಆನ್‌ಲೈನ್ ಮುದ್ರಣ, ಮೊಬೈಲಿಗೆ ಬರುವ ವಿಡಿಯೊ ಆಹ್ವಾನ. ಮದುವೆಗೆ ಕರೆಯುವ ಕೆಲಸ ಇಂದು ಈ ನಾಲ್ಕು ಕಡೆ ನಡೆಯುತ್ತದೆ. ಇವನ್ನೆಲ್ಲ ಇಲ್ಲಿ ಒಂದೇ ಪ್ರಶ್ನೆ ಇಟ್ಟುಕೊಂಡು ಅಳೆಯಲಾಗಿದೆ: ದೇವರನ್ನು ನಂಬದ ಹುಡುಗ ಹುಡುಗಿ ತಮ್ಮ ಮನಸ್ಸಿಗೆ ಒಪ್ಪುವ ಪತ್ರಿಕೆಯನ್ನು, ಮನೆಯ ಹಿರಿಯರನ್ನು ನೋಯಿಸದೆ, ಕರೆಯುವ ಮರ್ಯಾದೆಗೂ ಕುಂದು ಬಾರದಂತೆ ಮಾಡಿಸಿಕೊಳ್ಳಬಹುದೆ?

ಮಾಡಿಸಿಕೊಳ್ಳಬಹುದು. ಆದರೆ ಅಂಗಡಿಯವರಿಗೆ ಬಿಟ್ಟುಬಿಟ್ಟರೆ ಆಗುವುದಿಲ್ಲ. ‘ದೇವರದ್ದು ಏನೂ ಹಾಕಬೇಡಿ’ ಎಂದು ಬಾಯಿಮಾತಿನಲ್ಲಿ ಹೇಳಿ ಬಂದವರ ಪ್ರೂಫಿನಲ್ಲಿ (ಅಚ್ಚಿಗೆ ಮುಂಚೆ ತಿದ್ದಲು ಕೊಡುವ ಪ್ರತಿ) ‘||ಶ್ರೀ||’ ಬಂದೇ ಬರುತ್ತದೆ. ಅಂಗಡಿಯವರದು ಹಟವಲ್ಲ. ಆ ಕೆಲಸ ನಡೆಯುವ ರೀತಿಯೇ ಹಾಗೆ. ಡಿಟಿಪಿ, ಎಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಕೆಲಸ, ಮಾಡುವವರು ಹೊಸ ಪುಟ ತೆರೆಯುವುದು ಅಪರೂಪ. ಹಿಂದಿನ ವಾರದ ಮದುವೆಯ ಕೋರೆಲ್‌ಡ್ರಾ ಫೈಲ್ ತೆರೆದು ಹೆಸರು, ತಾರೀಖು, ಛತ್ರ ಬದಲಿಸುತ್ತಾರೆ. ಮೇಲಿನ ಗಣಪತಿ, ‘ಕುಲದೇವತಾ ಪ್ರಸನ್ನ’, ಕೆಳಗಿನ ‘ಶುಭಮಸ್ತು’ ಎಲ್ಲ ಆ ಫೈಲಿನಲ್ಲೇ ಕೂತಿರುತ್ತವೆ. ಆಸ್ತಿಕರಿಗೂ ಇದರಿಂದ ಪೆಟ್ಟು ಬೀಳುತ್ತದೆ. ಯುಗಾದಿ ಕಳೆದು ಪರಾಭವ ಸಂವತ್ಸರ ಬಂದಿದ್ದರೂ ಪತ್ರಿಕೆಯಲ್ಲಿ ಹಳೆಯ ವಿಶ್ವಾವಸುವೇ ಉಳಿಯುವುದು, ಶಾಲಿವಾಹನ ಶಕ 1948 ಆಗಬೇಕಾದಲ್ಲಿ 1947 ಇರುವುದು ಇದೇ ಕಾರಣಕ್ಕೆ.

ಹಾಗಾಗಿ ಮೊದಲ ಸಲಹೆ: ಅಂಗಡಿಗೆ ಹೋಗುವ ಮುಂಚೆ ಇಡೀ ಮ್ಯಾಟರ್, ಎಂದರೆ ಅಚ್ಚಾಗಬೇಕಾದ ಬರಹ, ಬರೆದು ಮುಗಿಸಿ. ಕಾರ್ಡ್ ಆರಿಸುವುದು ಆಮೇಲೆ.

ಮ್ಯಾಟರ್ ಬರೆಯುವಾಗ ಬಹಳ ಜನ ಒಂದು ತಪ್ಪು ದಾರಿ ಹಿಡಿಯುತ್ತಾರೆ. ಚಾಲ್ತಿಯಲ್ಲಿರುವ ಒಕ್ಕಣೆ ತೆಗೆದುಕೊಂಡು, ದೇವರು ಬಂದಲ್ಲೆಲ್ಲ ಗೀಟು ಹಾಕಿ, ಉಳಿದದ್ದನ್ನು ಅಚ್ಚಿಗೆ ಕೊಡುತ್ತಾರೆ. ಓದಿದರೆ ಹಲ್ಲುದುರಿದ ಬಾಯಿಯಂತೆ ಕಾಣುತ್ತದೆ. ಏಕೆಂದರೆ ಆ ಸಾಲುಗಳು ದೇವರನ್ನು ನೆನೆಯುವುದರ ಜೊತೆಗೆ ಬೇರೆ ಕೆಲಸವನ್ನೂ ಮಾಡುತ್ತಿರುತ್ತವೆ. ‘ಶ್ರೀ ಸ್ವಾಮಿಯ ಕೃಪೆಯಿಂದ, ಗುರುಹಿರಿಯರು ನಿಶ್ಚಯಿಸಿದಂತೆ’ ಎಂಬ ಸಾಲು ಎರಡೂ ಮನೆಗಳಿಗೆ ಈ ಸಂಬಂಧ ಒಪ್ಪಿಗೆಯಾಗಿದೆ ಎಂದು ಊರಿಗೆ ತಿಳಿಸುತ್ತದೆ. ಸಂವತ್ಸರ, ಮಾಸ, ತಿಥಿ, ಲಗ್ನದ ಉದ್ದ ಸಾಲು ಎಷ್ಟು ಹೊತ್ತಿಗೆ ಬಂದರೆ ಧಾರೆ ಸಿಗುತ್ತದೆ ಎಂದು ಹೇಳುತ್ತದೆ. ಮೇಲಿನ ಮನೆದೇವರ ಹೆಸರು ನೋಡಿಯೇ ಇವರು ಯಾವ ಊರಿನ ಕಡೆಯವರು, ಯಾವ ಒಕ್ಕಲು ಎಂದು ಹಳೆಯ ನೆಂಟರು ಗುರುತು ಹಿಡಿಯುತ್ತಾರೆ. ಸಾಲು ತೆಗೆದರೆ ಆ ಕೆಲಸವನ್ನು ಬೇರೆ ಮಾತಿನಿಂದ ಮಾಡಿಸಬೇಕು.

ಇಲ್ಲಿ ಉಪಯೋಗಕ್ಕೆ ಬರುವ ಅಳತೆಗೋಲು ಇಷ್ಟೆ. ದೇವರನ್ನು ಉದ್ದೇಶಿಸಿದ ಮಾತು ತೆಗೆಯಿರಿ. ಮನುಷ್ಯರನ್ನು ಉದ್ದೇಶಿಸಿದ ಮಾತು ಎಷ್ಟೇ ಹಳೆಯದಾಗಿರಲಿ, ಉಳಿಸಿಕೊಳ್ಳಿ. ‘ಭಗವತ್ಕೃಪೆಯಿಂದ’ ಹೋಗಲಿ. ‘ಹಿರಿಯರ ಆಶೀರ್ವಾದದೊಂದಿಗೆ’ ಇರಲಿ, ಅಜ್ಜಿ ತಲೆಯ ಮೇಲೆ ಕೈಯಿಟ್ಟು ಹರಸುವುದಕ್ಕೆ ನಾಸ್ತಿಕರ ತಕರಾರು ಇರಬೇಕಾಗಿಲ್ಲ. ‘ಸಕುಟುಂಬ ಸಪರಿವಾರ ಸಮೇತ’, ‘ತಮ್ಮ ಸುಖಾಗಮನ ಬಯಸುವವರು’ ಇರಲಿ. ‘ಶ್ರೀಮತಿ’, ‘ಶ್ರೀ’, ‘ಚಿ||’, ‘ದಿ||’ ಇವುಗಳಲ್ಲಿ ಈಗ ಯಾರೂ ದೇವರನ್ನು ಕಾಣುವುದಿಲ್ಲ, ಕೆದಕುತ್ತ ಕೂರಬೇಡಿ. ‘ಚಿ|| ಸೌ||’ ಬಗ್ಗೆ ಮಾತ್ರ ಹುಡುಗಿಯನ್ನೇ ಕೇಳಿ ನಿರ್ಧರಿಸಿ. ಹುಡುಗನಿಗೆ ಆಯುಸ್ಸು, ಹುಡುಗಿಗೆ ಗಂಡನಿರುವ ಭಾಗ್ಯ ಎಂಬ ಹಂಚಿಕೆ ಅನೇಕ ಹೆಣ್ಣುಮಕ್ಕಳಿಗೆ ಸರಿಬರುವುದಿಲ್ಲ. ಇಬ್ಬರಿಗೂ ‘ಚಿ||’ ಒಂದೇ ಸಾಕು. ‘ಆರತಕ್ಷತೆ’ ಎಂಬ ಮಾತನ್ನು ತೆಗೆದರೆ ರಾತ್ರಿ ಊಟ ಇದೆಯೋ ಇಲ್ಲವೋ ಎಂದು ಜನಕ್ಕೆ ಗೊತ್ತಾಗುವುದಿಲ್ಲ, ಅದೂ ಇರಲಿ.

ಹೊತ್ತಿನ ವಿಷಯದಲ್ಲಿ ಎಚ್ಚರ ಬೇಕು. ಮುಹೂರ್ತ ಅಚ್ಚಾಗಿದ್ದರೆ ಜನ ತಮ್ಮಷ್ಟಕ್ಕೆ ಲೆಕ್ಕ ಹಾಕಿಕೊಳ್ಳುತ್ತಾರೆ: 10.30ರಿಂದ 11.15ರ ಲಗ್ನ ಎಂದರೆ ಹತ್ತು ಗಂಟೆಗೆ ತಿಂಡಿ, ಹನ್ನೆರಡಕ್ಕೆ ಊಟ. ಮುಹೂರ್ತ ತೆಗೆದು ‘ಬೆಳಿಗ್ಗೆ 10 ಗಂಟೆಗೆ’ ಎಂದಷ್ಟೇ ಹಾಕಿದ ಮದುವೆಗೆ ಅರ್ಧ ಜನ ಸಮಾರಂಭ ಮುಗಿದ ಮೇಲೆ ಬರುತ್ತಾರೆ. ಪೂಜೆ ಹೋಮ ಇಲ್ಲದ ಮದುವೆ ಬೇಗ ಮುಗಿಯುತ್ತದೆ ಎಂಬುದು ಅವರಿಗೆ ಹೊಳೆದಿರುವುದಿಲ್ಲ. ಹೊತ್ತನ್ನು ಬಿಡಿಸಿ ಬರೆಯಿರಿ: ತಿಂಡಿ 9ರಿಂದ, ಸಮಾರಂಭ 11ಕ್ಕೆ ಸರಿಯಾಗಿ, ಊಟ 12.30ರಿಂದ. ‘ಸರಿಯಾಗಿ’ ಎಂಬ ಮಾತು ಬೇಕೇ ಬೇಕು. ಪತ್ರಿಕೆಯ ಮೇಲೆ ‘ಮಂತ್ರಮಾಂಗಲ್ಯ’ ಎಂದು ಹಾಕಿಸುವವರಿಗೂ ಇದೇ ಮಾತು. ಪುರೋಹಿತರಿಲ್ಲದೆ, ಅದ್ದೂರಿಯಿಲ್ಲದೆ ಮದುವೆಯಾಗಲು ಕುವೆಂಪು ರೂಪಿಸಿದ ಕ್ರಮ ಅದು. 1966ರಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆ ಹಾಗೆಯೇ ನಡೆಯಿತು. ಆದರೆ ಮಂತ್ರಮಾಂಗಲ್ಯ ಪೂರ್ತಿ ದೇವರಿಲ್ಲದ ಮದುವೆ ಎಂದುಕೊಂಡು ಆರಿಸಬೇಡಿ. ಅದು ಬೇಡವೆಂದದ್ದು ಪುರೋಹಿತಶಾಹಿಯನ್ನು, ಮೌಢ್ಯವನ್ನು, ದುಂದುಗಾರಿಕೆಯನ್ನು. ಅಲ್ಲಿ ಓದುವ ಪಾಠವನ್ನು ಮೊದಲು ತಾವೇ ಓದಿ, ತಮ್ಮ ಮನಸ್ಸಿಗೆ ಒಪ್ಪಿದರೆ ಮಾತ್ರ ಆ ಹೆಸರು ಹಾಕಿಸಿ.

ದೇವರನ್ನು ತೆಗೆದ ಒಕ್ಕಣೆ ಹೇಗಿರಬಹುದು ಎಂಬುದಕ್ಕೆ ಒಂದು ಮಾದರಿ. ಹೆಸರುಗಳ ಜಾಗ ಖಾಲಿ ಬಿಟ್ಟಿದೆ.

‘ಆತ್ಮೀಯರೆ, ನಮ್ಮ ಮಗಳು ... ಮತ್ತು ... ಊರಿನ ಶ್ರೀಮತಿ ..., ಶ್ರೀ ... ಅವರ ಮಗ ... ಒಬ್ಬರನ್ನೊಬ್ಬರು ಮೆಚ್ಚಿ, ಎರಡೂ ಮನೆಯ ಹಿರಿಯರ ಒಪ್ಪಿಗೆಯೊಂದಿಗೆ ಮದುವೆಯಾಗುತ್ತಿದ್ದಾರೆ. ದಿನಾಂಕ ... ಭಾನುವಾರ ಬೆಳಿಗ್ಗೆ 11 ಗಂಟೆಗೆ ಸರಿಯಾಗಿ ... ಸಭಾಂಗಣದಲ್ಲಿ ನಡೆಯುವ ಸಮಾರಂಭಕ್ಕೆ ತಾವು ಮನೆಮಂದಿಯೊಂದಿಗೆ ಬಂದು, ಇಬ್ಬರನ್ನೂ ಹರಸಿ, ನಮ್ಮ ಜೊತೆ ಊಟ ಮಾಡಬೇಕೆಂದು ಕೇಳಿಕೊಳ್ಳುತ್ತೇವೆ. ನಿಮ್ಮ ದಾರಿ ನೋಡುತ್ತಿರುವ ...’

ಇದರಲ್ಲಿ ದೇವರಿಲ್ಲ. ಆದರೆ ಹಿರಿಯರಿದ್ದಾರೆ, ಒಪ್ಪಿಗೆಯಿದೆ, ಹಾರೈಕೆಯಿದೆ, ಊಟದ ಕರೆಯಿದೆ. ಎಪ್ಪತ್ತು ವರ್ಷದ ಚಿಕ್ಕಪ್ಪ ಓದಿದರೂ ಎಲ್ಲೋ ಏನೋ ಕೈಬಿಟ್ಟಿದ್ದಾರೆ ಎನಿಸುವುದಿಲ್ಲ. ಒಕ್ಕಣೆ ಗೆದ್ದಿದೆಯೋ ಇಲ್ಲವೋ ನೋಡಲು ಅದನ್ನು ದೇವರನ್ನು ನಂಬುವ ಹಿರಿಯರೊಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿ. ಅವರು ‘ಶ್ರೀ ಎಲ್ಲಿ?’ ಎಂದು ಕೇಳಬಹುದು, ಅದು ಬೇರೆ ಮಾತು. ‘ಇದೇನು ಆಫೀಸಿನ ನೋಟೀಸಿನ ಹಾಗಿದೆ’ ಎಂದರೆ ಮತ್ತೆ ಬರೆಯಬೇಕು.

ತಂದೆ ತೀರಿಕೊಂಡ ಮನೆಗಳಲ್ಲಿ ತಾಯಿಯ ಹೆಸರನ್ನು ಹಿಂದಕ್ಕೆ ಸರಿಸಿ ದೊಡ್ಡಪ್ಪನೋ ಸೋದರಮಾವನೋ ಕರೆಯುವಂತೆ ಅಚ್ಚು ಹಾಕಿಸುವುದನ್ನು ಇಂದಿಗೂ ಕಾಣುತ್ತೇವೆ. ಶಾಸ್ತ್ರ ಬೇಡವೆಂದು ದೇವರ ಸಾಲು ತೆಗೆಸಿದವರು ಇದನ್ನು ಮಾತ್ರ ಹಾಗೆಯೇ ಬಿಟ್ಟರೆ, ಮುಖ್ಯವಾದದ್ದನ್ನೇ ಬಿಟ್ಟಂತೆ. ಕರೆಯುವವರಲ್ಲಿ ಮೊದಲ ಹೆಸರು ತಾಯಿಯದಾಗಲಿ.

ಶ್ರೀಕಾರದ ಜಾಗಕ್ಕೆ ಏನು? ಏನೂ ಬೇಡ ಎಂಬುದು ನನ್ನ ಸಲಹೆ. ಮೇಲೆ ಎರಡು ಬೆರಳು ಜಾಗ ಖಾಲಿ ಬಿಟ್ಟರೆ ಕಾರ್ಡ್ ಚೆಂದವೇ ಕಾಣುತ್ತದೆ. ಕೆಲವರು ಪಂಪನ ಮಾತೊಂದನ್ನೋ ಸಂವಿಧಾನದ ಪೀಠಿಕೆಯನ್ನೋ ಹಾಕಿಸುತ್ತಾರೆ. ಪೀಠಿಕೆ ಉದ್ದ; ಒಳಗೆ ಬೇರೆ ಹಾಳೆಯಾಗಿ ಇಟ್ಟರೆ ಸರಿ, ಮೇಲ್ಪುಟಕ್ಕೆ ತುಂಬಿದರೆ ಅಕ್ಷರ ಓದಲಾಗದಷ್ಟು ಸಣ್ಣದಾಗುತ್ತದೆ. ವಚನ ಹಾಕಿಸುವವರು ಒಂದು ವಿಷಯ ತಿಳಿದಿರಬೇಕು. ವಚನ ಮುಗಿಯುವುದು ಅಂಕಿತದಲ್ಲಿ, ಅಂಕಿತ ಎಂದರೆ ದೇವರ ಹೆಸರು. ದೇವರು ಬೇಡವೆಂದು ಅಂಕಿತ ಕತ್ತರಿಸಿದರೆ ಲಿಂಗಾಯತ ನೆಂಟರ ಕಣ್ಣಿಗೆ ಅದು ಮೊದಲು ಬೀಳುತ್ತದೆ, ನೋವೂ ಆಗುತ್ತದೆ. ಬಸವಣ್ಣನವರ ವಚನಗಳ ಅಂಕಿತ ಬದಲಿಸಿದ ಪುಸ್ತಕವೊಂದನ್ನು ಕರ್ನಾಟಕ ಸರ್ಕಾರ 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು, 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ಒಂದು ಹೆಸರಿಗೆ ಅಷ್ಟು ತೂಕವಿದೆ. ವಚನ ಬೇಕಾದರೆ ಇಡಿಯಾಗಿ ಹಾಕಿ, ಇಲ್ಲವಾದರೆ ಬೇಡ.

ಈಗ ಕಾರ್ಡ್. ಪೇಟೆಯ ಅಂಗಡಿಗಳಲ್ಲಿ ಸಿಗುವುದು ಬಹುಪಾಲು ರೆಡಿಮೇಡ್ ಕಾರ್ಡ್. ಕಾರ್ಡ್, ಕವರ್, ಒಳಹಾಳೆ ಮೊದಲೇ ತಯಾರಾಗಿ ಬಂದಿರುತ್ತವೆ, ನಮ್ಮ ಮ್ಯಾಟರನ್ನು ಅದರ ಮೇಲೆ ಸ್ಕ್ರೀನ್ ಪ್ರಿಂಟಿಂಗಿನಲ್ಲಿ (ಜಾಲರಿಯ ಮೂಲಕ ಶಾಯಿ ಒತ್ತುವ ಕ್ರಮ) ಅಚ್ಚು ಹಾಕಿಕೊಡುತ್ತಾರೆ. ಗಣಪತಿ ನಮ್ಮ ಮ್ಯಾಟರಿನ ಭಾಗವಲ್ಲ, ಕಾರ್ಡಿನ ಭಾಗ. ಚಿನ್ನದ ಫಾಯಿಲಿನಲ್ಲಿ ಒತ್ತಿ, ಉಬ್ಬಚ್ಚು ಹಾಕಿ ಕಾರ್ಖಾನೆಯಿಂದಲೇ ಬಂದಿರುತ್ತದೆ. ‘ತೆಗೆಯಿರಿ’ ಎಂದರೆ ಅಂಗಡಿಯವರಿಗೆ ತೆಗೆಯಲು ಬರುವುದಿಲ್ಲ. ಮೇಲೆ ಸ್ಟಿಕರ್ ಅಂಟಿಸಿಕೊಡುತ್ತೇವೆ ಎಂದರೆ ಒಪ್ಪಬೇಡಿ: ಕೆಳಗಿನ ಉಬ್ಬು ಸ್ಟಿಕರಿನ ಮೇಲೆ ಮೂಡುತ್ತದೆ, ಲ್ಯಾಮಿನೇಶನ್ ಇರುವ ಕಾರ್ಡಿನಲ್ಲಿ ಅಂಚು ಏಳುತ್ತದೆ. ಅಪ್ಪ ಅಮ್ಮನ ಕೈಗೆ ಅಂಥ ಕಾರ್ಡ್ ಬಂದರೆ ದೇವರನ್ನು ಮುಚ್ಚಿದ್ದಾರೆ ಎಂದೇ ಕಾಣುತ್ತದೆ. ಮೊದಲಿನಿಂದ ಇಲ್ಲದಿರುವುದು ಬೇರೆ, ಇದ್ದದ್ದನ್ನು ಮುಚ್ಚುವುದು ಬೇರೆ. ಫಾಯಿಲಿನ ಮೇಲೆ ಗಾಢ ಬಣ್ಣದ ಶಾಯಿ ಎಳೆದು ಮುಚ್ಚುವುದೂ ನಿಲ್ಲುವುದಿಲ್ಲ. ಫಾಯಿಲ್ ಶಾಯಿಯನ್ನು ಹೀರಿಕೊಳ್ಳುವುದಿಲ್ಲ, ಉಗುರು ತಾಗಿದರೆ ಕೆರೆದು ಬರುತ್ತದೆ.

ಆದ್ದರಿಂದ ಆರಿಸುವಾಗಲೇ ನೋಡಬೇಕು, ಅದೂ ನಾಲ್ಕು ಕಡೆ: ಕವರಿನ ಮುಂಭಾಗ, ಕವರಿನ ಮಡಿಕೆ, ಕಾರ್ಡಿನ ಮೇಲ್ಪುಟ, ಒಳಹಾಳೆಯ ತಲೆ. ಅಂಗಡಿಯಲ್ಲಿ ಕಾರ್ಡ್ ಮಾತ್ರ ಬಿಡಿಸಿ ತೋರಿಸುತ್ತಾರೆ, ಕವರಿನ ಮಡಿಕೆ ಮನೆಗೆ ಬಂದ ಮೇಲೆ ಕಾಣುತ್ತದೆ. ಗಣಪತಿಯನ್ನು ಮರದ ಹಾಳೆಯಲ್ಲೋ ಮೇಣದ ಮುದ್ರೆಯಂತೆಯೋ ಬೇರೆಯಾಗಿ ಮಾಡಿ ಅಂಟಿಸುವ ಕಾರ್ಡುಗಳಿವೆ. ನಾಸ್ತಿಕರಿಗೆ ಇವೇ ಒಳ್ಳೆಯವು, ಅಂಟಿಸದೆ ಕೊಡಿ ಎಂದರೆ ಆಯಿತು, ಆ ಜಾಗದಲ್ಲಿ ಇಬ್ಬರ ಹೆಸರಿನ ಮೊದಲಕ್ಷರ ಕೂರಿಸಬಹುದು. ಲೇಸರ್ ಕಟಿಂಗಿನಲ್ಲಿ ಕಾಗದವನ್ನೇ ಗಣಪತಿಯ ಆಕಾರಕ್ಕೆ ಕೊರೆದ ಕಾರ್ಡ್ ಮುಟ್ಟಲೇಬೇಡಿ.

‘ದೇವರಿಲ್ಲದ್ದು ತೋರಿಸಿ’ ಎಂದರೆ ಅಂಗಡಿಯವರು ಸಾಮಾನ್ಯವಾಗಿ ಮೂರು ಕಡೆ ಕೈಹಾಕುತ್ತಾರೆ: ಬುದ್ಧನ ಚಿತ್ರದ ಕಾರ್ಡ್, ರಾಧಾಕೃಷ್ಣರ ನೆರಳುಚಿತ್ರದ್ದು, ನವಿಲುಗರಿ ಕೊಳಲಿನದ್ದು. ಬುದ್ಧನ ಕಾರ್ಡ್ ಬಾಬಾಸಾಹೇಬರ ದಾರಿಯಲ್ಲಿ ಬೌದ್ಧರಾದ ಮನೆಗಳ ಹೆಮ್ಮೆಯ ಗುರುತು. ಆ ದಾರಿಯಲ್ಲಿ ಇಲ್ಲದವರು ‘ದೇವರಲ್ಲವಲ್ಲ’ ಎಂದು ಅದನ್ನು ಅಲಂಕಾರಕ್ಕೆ ಎತ್ತಿಕೊಳ್ಳುವುದು ನನಗೆ ಸರಿಕಾಣುವುದಿಲ್ಲ. ಮಾವಿನ ತೋರಣ, ಬಾಳೆಕಂಬ, ನಾದಸ್ವರ, ಮಲ್ಲಿಗೆ ದಂಡೆ ಇವೆಲ್ಲ ನಮ್ಮ ನಾಡಿನ ಹಬ್ಬದ ಚಿತ್ರಗಳು, ಯಾರ ನಂಬಿಕೆಗೂ ಅಡ್ಡಿ ಬರುವುದಿಲ್ಲ. ಒಂದೂ ಬೇಡವಾದರೆ ಹೂಬಳ್ಳಿಯ ಅಂಚು. ಮುಸ್ಲಿಂ ಮನೆಯ ಕಾರ್ಡಿನ ತಲೆಯ 786, ಕ್ರೈಸ್ತರ ಕಾರ್ಡಿನ ಶಿಲುಬೆ ಮತ್ತು ಬೈಬಲ್ ವಾಕ್ಯ ಇವೂ ಗಣಪತಿಯ ಹಾಗೆಯೇ ಸಿದ್ಧ ಕಾರ್ಡಿನಲ್ಲೇ ಬರುವುದುಂಟು. ಎರಡು ಧರ್ಮದ ಮನೆಗಳ ಮದುವೆಯಾದರೆ ಹೂಬಳ್ಳಿಯ ಕಾರ್ಡಿಗಿಂತ ಸಲೀಸಾದದ್ದು ಬೇರೆ ಇಲ್ಲ.

ಮನೆಯವರು ಒಪ್ಪದಿದ್ದರೆ ಏನು ಮಾಡುವುದು? ಬಹುತೇಕ ಮನೆಗಳಲ್ಲಿ ಜಗಳ ಏಳುವುದು ಇಲ್ಲಿಯೇ, ಮತ್ತು ಈ ಸೇವೆಯ ಅತ್ಯಂತ ಒಳ್ಳೆಯ ಗುಣ ಕಾಣುವುದೂ ಇಲ್ಲಿಯೇ. ಒಳಹಾಳೆ ಬೇರೆಯಾಗಿರುವ ಕಾರ್ಡ್ ತೆಗೆದುಕೊಳ್ಳಿ. ಹೊರಗಿನ ಕಾರ್ಡ್, ಕವರ್ ಎಲ್ಲರಿಗೂ ಒಂದೇ, ಚಿತ್ರವಿಲ್ಲದ್ದು. ಒಳಹಾಳೆ ಮಾತ್ರ ಎರಡು ಬಗೆ, ಒಂದು ಕಾರ್ಡಿಗೆ ಒಂದು: ಒಂದು ಮೇಲೆ ಕೊಟ್ಟಂಥದ್ದು, ಇನ್ನೊಂದು ಅಪ್ಪ ಅಮ್ಮ ತಮ್ಮ ನೆಂಟರಿಗೆ, ಮನೆದೇವರ ಹೆಸರಿನೊಂದಿಗೆ ತಾವೇ ಬರೆದದ್ದು. ಕರೆಯುತ್ತಿರುವವರು ಅವರೂ ಹೌದು, ಅವರ ಮಾತು ಅವರ ಬಾಯಿಂದ ಬರಲಿ. ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಎರಡನೆಯ ಮ್ಯಾಟರಿಗೆ ಇನ್ನೊಂದು ಸ್ಕ್ರೀನ್ ತಯಾರಿಸುವ ಖರ್ಚು ಬೀಳುತ್ತದೆ. ಬಿಲ್ ಸಾಮಾನ್ಯವಾಗಿ ಎರಡು ಭಾಗ: ಕಾರ್ಡಿನದ್ದು ಒಂದಕ್ಕೆ ಇಷ್ಟು ಎಂದು, ಅಚ್ಚಿನದ್ದು ಮೊದಲ ನೂರಕ್ಕೆ ಹೆಚ್ಚು, ನಂತರದ ನೂರಕ್ಕೆ ಕಡಿಮೆ. ಒಟ್ಟು 500 ಕಾರ್ಡಿನಲ್ಲಿ 350 ಒಂದು, 150 ಒಂದು ಎಂದರೆ ಮೊದಲ ನೂರರ ದರ ಎರಡು ಸಲ ಬರುತ್ತದೆ, ಅಷ್ಟೆ. ಡಿಜಿಟಲ್ ಪ್ರಿಂಟಿನಲ್ಲಿ ಆ ಹೆಚ್ಚುವರಿಯೂ ಇಲ್ಲದಂತೆಯೇ. ಆಫ್‌ಸೆಟ್‌ನಲ್ಲಿ ಮಾತ್ರ ಪ್ರತಿ ಮ್ಯಾಟರಿಗೂ ಬೇರೆ ಪ್ಲೇಟ್ ಮಾಡಬೇಕು, ಐನೂರೋ ಸಾವಿರವೋ ಕಾರ್ಡಿಗಿಂತ ಕಡಿಮೆಗೆ ಅದು ಗಿಟ್ಟುವುದಿಲ್ಲ.

ಎರಡು ಒಳಹಾಳೆಯ ದಾರಿ ಹಿಡಿದರೆ ಬೆರಕೆಯಾಗದಂತೆ ನೋಡಿಕೊಳ್ಳಬೇಕು. ಒಂದನ್ನು ಕೆನೆ ಬಣ್ಣದ ಹಾಳೆಯಲ್ಲೂ ಇನ್ನೊಂದನ್ನು ಬಿಳಿಯಲ್ಲೂ ಅಚ್ಚು ಹಾಕಿಸಿ. ಎರಡರಲ್ಲೂ ಹೊತ್ತು, ಛತ್ರದ ಹೆಸರು ಒಂದೇ ಇದೆಯೆ ಎಂದು ಪಕ್ಕಪಕ್ಕ ಇಟ್ಟು ತಾಳೆ ನೋಡಿ.

ಪ್ರೂಫ್ ನೋಡುವ ಕೆಲಸಕ್ಕೆ ಒಂದು ಪೂರ್ತಿ ಸಂಜೆ ಬೇಕು. ಮ್ಯಾಟರನ್ನು ವಾಟ್ಸಾಪಿನಲ್ಲಿ ಯೂನಿಕೋಡಿನಲ್ಲಿ (ಮೊಬೈಲಿನ ಮಾಮೂಲಿ ಕನ್ನಡ ಅಕ್ಷರ) ಕಳಿಸುತ್ತೀರಿ. ಹಲವು ಪ್ರೆಸ್ಸುಗಳು ಇಂದಿಗೂ ಶ್ರೀಲಿಪಿ, ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಕೆಲಸ ಮಾಡುತ್ತವೆ. ಪರಿವರ್ತಿಸುವಾಗ ಒತ್ತಕ್ಷರ ಜಾರುತ್ತದೆ, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹೋಗುತ್ತದೆ, ದೀರ್ಘ ಮಾಯವಾಗುತ್ತದೆ. ಅದಕ್ಕೆ ಹೆದರಿಯೇ ಕೆಲವರು ಎಲ್ಲವನ್ನೂ ಹೊಸದಾಗಿ ಟೈಪ್ ಮಾಡುತ್ತಾರೆ. ಟೈಪ್ ಮಾಡುವಾಗ ಬೆರಳಿಗೆ ರೂಢಿಯಾದ ‘ಭಗವತ್ಕೃಪೆಯಿಂದ’ ತಾನಾಗಿ ಬರುತ್ತದೆ. ಮೊಬೈಲ್ ಪರದೆಯ ಮೇಲೆ ಪ್ರೂಫ್ ಒಪ್ಪಬೇಡಿ. ಕಾಗದದ ಮೇಲೆ, ನಿಜವಾದ ಅಳತೆಯಲ್ಲಿ ತೆಗೆಸಿ, ಇಬ್ಬರು ಓದಿ. ಕನ್ನಡದ ಮ್ಯಾಟರಿನಲ್ಲಿ ದೇವರನ್ನು ತೆಗೆಸಿದವರು ಮರೆಯುವುದು ಇಂಗ್ಲಿಷ್ ಬದಿಯನ್ನು. ಅಲ್ಲಿ ‘ವಿತ್ ದ ಡಿವೈನ್ ಬ್ಲೆಸ್ಸಿಂಗ್ಸ್ ಆಫ್’ ಎಂದು ಹಾಗೆಯೇ ಉಳಿದಿರುತ್ತದೆ. ಕವರಿನ ಮೇಲಿನ ವಿಳಾಸದ ಜಾಗ, ಹಿಂಬದಿಯ ಮೂಲೆ, ಛತ್ರದ ನಕ್ಷೆಯ ತಲೆಬರಹ ಇವನ್ನೂ ನೋಡಬೇಕು. ಒಪ್ಪಿದ ಪ್ರೂಫಿನ ಮೇಲೆ ತಾರೀಖು ಹಾಕಿ ಸಹಿ ಮಾಡಿ, ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಆಮೇಲೆ ತಪ್ಪು ಬಂದರೆ ಯಾರ ಖರ್ಚಿನಲ್ಲಿ ಮತ್ತೆ ಅಚ್ಚು ಹಾಕಬೇಕು ಎಂಬ ಮಾತು ಅಲ್ಲಿಗೇ ಮುಗಿಯುತ್ತದೆ.

ಅಕ್ಷರದ ಅಳತೆಯ ಬಗ್ಗೆ: ಕನ್ನಡದ ಒತ್ತಕ್ಷರಗಳ ಸಣ್ಣ ಸುರುಳಿಗಳು ಸ್ಕ್ರೀನ್ ಪ್ರಿಂಟಿನಲ್ಲಿ ಶಾಯಿ ತುಂಬಿ ಮುಚ್ಚಿಹೋಗುತ್ತವೆ. 12 ಪಾಯಿಂಟಿಗಿಂತ ಕೆಳಗಿಳಿಯಬೇಡಿ; ಫಾಯಿಲಿನಲ್ಲಿ ಅಕ್ಷರ ಒತ್ತಿಸುವುದಾದರೆ 14 ಇರಲಿ. ಗಾಢ ಬಣ್ಣದ ಕಾರ್ಡಿನ ಮೇಲೆ ಚಿನ್ನದ ಶಾಯಿಯಲ್ಲಿ ತೆಳು ಫಾಂಟ್ ಹಾಕಿದರೆ ಗೆರೆ ತುಂಡುತುಂಡಾಗುತ್ತದೆ. ಶಾಯಿ ಒಣಗುವ ಮುಂಚೆ ಅವಸರಕ್ಕೆ ಒಂದರ ಮೇಲೊಂದು ಜೋಡಿಸಿದರೆ ಒಂದರ ಅಚ್ಚು ಇನ್ನೊಂದರ ಬೆನ್ನಿಗೆ ಅಂಟುತ್ತದೆ. ಲಗ್ನದ ತಿಂಗಳುಗಳಲ್ಲಿ, ಪ್ರೆಸ್ಸಿಗೆ ಕೈಬಿಡುವಿಲ್ಲದಾಗ, ಹೆಚ್ಚಾಗಿ ಆಗುವುದು ಇದೇ.

ಮದುವೆ ನೋಂದಣಿಗೂ ಪತ್ರಿಕೆಗೂ ನಂಟಿದೆ, ಇದನ್ನು ಅಂಗಡಿಯವರು ಹೇಳುವುದಿಲ್ಲ. ಕರ್ನಾಟಕದಲ್ಲಿ ಹಿಂದೂ ವಿವಾಹ ಕಾಯ್ದೆಯಡಿ ನೋಂದಣಿ ಮಾಡಿಸುವಾಗ ಮದುವೆಯ ಆಹ್ವಾನ ಪತ್ರಿಕೆಯನ್ನೂ ದಾಖಲೆಯಾಗಿ ಕೇಳುತ್ತಾರೆ. ಪತ್ರಿಕೆಯಲ್ಲಿ ದೇವರ ಹೆಸರಿಲ್ಲದಿರುವುದರಿಂದ ತೊಂದರೆಯಿಲ್ಲ; ಹೆಸರು, ತಾರೀಖು, ಸ್ಥಳ ಅರ್ಜಿಗೆ ಹೊಂದಬೇಕು. ಮನೆಯಲ್ಲಿ ಕರೆಯುವ ಹೆಸರನ್ನಷ್ಟೇ ಅಚ್ಚು ಹಾಕಿಸಿದರೆ ಅಲ್ಲಿ ಪ್ರಶ್ನೆ ಏಳುತ್ತದೆ. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಆ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಮದುವೆ ವಧು ಅಥವಾ ವರನ ಕಡೆಯ ಸಂಪ್ರದಾಯದ ವಿಧಿಗಳಂತೆ ನಡೆದಿರಬೇಕು. ವಿಧಿಯೇ ನಡೆಯದೆ ಬರೀ ನೋಂದಣಿ ಪತ್ರ ಇದ್ದರೆ ಆ ಮದುವೆಗೆ ಮಾನ್ಯತೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಶಾಸ್ತ್ರ ಒಂದೂ ಬೇಡ ಎನ್ನುವವರಿಗೆ ತಕ್ಕದ್ದು 1954ರ ವಿಶೇಷ ವಿವಾಹ ಕಾಯ್ದೆ. ಇಬ್ಬರೂ ಒಂದೇ ಧರ್ಮದಲ್ಲಿ ಹುಟ್ಟಿದವರಾದರೂ ಅದರಡಿ ಮದುವೆಯಾಗಬಹುದು.

ಆ ದಾರಿ ಹಿಡಿದವರು ಪತ್ರಿಕೆಯ ತಾರೀಖನ್ನು ಲೆಕ್ಕ ಹಾಕಿಯೇ ಅಚ್ಚಿಗೆ ಕೊಡಬೇಕು. ಇಬ್ಬರಲ್ಲಿ ಒಬ್ಬರಾದರೂ ಕನಿಷ್ಠ 30 ದಿನದಿಂದ ವಾಸವಿರುವ ಜಿಲ್ಲೆಯ ವಿವಾಹಾಧಿಕಾರಿಗೆ ನೋಟೀಸು ಕೊಟ್ಟು, ಅದು ಪ್ರಕಟವಾಗಿ 30 ದಿನ ಕಳೆಯಬೇಕು. ಕೊಟ್ಟ ನೋಟೀಸಿನ ಆಯುಸ್ಸು 3 ತಿಂಗಳು, ಅಷ್ಟರೊಳಗೆ ಮದುವೆ ಆಗದಿದ್ದರೆ ಮತ್ತೆ ನೋಟೀಸು. ಮೂವರು ಸಾಕ್ಷಿಗಳು ಬೇಕು. ಹೆಚ್ಚುವರಿ ಶುಲ್ಕ ಕಟ್ಟಿದರೆ ಕಚೇರಿಯಿಂದ ಹೆಚ್ಚು ದೂರವಿಲ್ಲದ ಛತ್ರದಲ್ಲೂ ನಡೆಸಲು ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಅಧಿಕಾರಿ ಒಪ್ಪಿ ಹೊತ್ತು ಕೊಟ್ಟ ಮೇಲೆ ಮಾತ್ರ ಅದನ್ನು ಅಚ್ಚು ಹಾಕಿಸಿ. ಕಚೇರಿಯಲ್ಲಿ ಒಂದು ದಿನ ಮದುವೆ, ಛತ್ರದಲ್ಲಿ ಇನ್ನೊಂದು ದಿನ ಕೂಟ ಇಟ್ಟುಕೊಂಡರೆ ತಲೆನೋವು ಕಡಿಮೆ. ಆಗ ಪತ್ರಿಕೆಯಲ್ಲಿ ‘ಇಂಥ ದಿನ ನೋಂದಣಿ ವಿವಾಹವಾಗಿರುವ’ ಎಂದು ಒಂದು ಸಾಲು, ಕೆಳಗೆ ದೊಡ್ಡದಾಗಿ ಆರತಕ್ಷತೆಯ ಹೊತ್ತು.

ಅಂಗಡಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ನನ್ನ ತೀರ್ಪು ಹೀಗೆ. ಕಾರ್ಡಿನ ಆಯ್ಕೆಗೆ ಬೆಂಗಳೂರಿನ ಪೇಟೆಯನ್ನು ಮೀರಿಸುವ ಜಾಗವಿಲ್ಲ, ಆದರೆ ಅಲ್ಲಿ ಗಿರಾಕಿಯ ಮಾತು ಕೇಳುವ ವ್ಯವಧಾನ ಕಡಿಮೆ. ಆರ್ಡರ್ ಬರೆದುಕೊಳ್ಳುವವರು ಒಬ್ಬರು, ಡಿಟಿಪಿ ಇನ್ನೊಂದು ಬೀದಿಯಲ್ಲಿ, ಅಚ್ಚು ಮತ್ತೆಲ್ಲೋ. ‘ದೇವರ ಹೆಸರು ಬೇಡ’ ಎಂಬ ಮಾತು ಮೂರು ಕೈ ದಾಟುವಷ್ಟರಲ್ಲಿ ಬಿದ್ದುಹೋಗುತ್ತದೆ. ಆರ್ಡರ್ ಚೀಟಿಯ ಮೇಲೆಯೇ ಬರೆಸಬೇಕು. ತಾಲ್ಲೂಕಿನ ಪ್ರೆಸ್ಸಿನಲ್ಲಿ ಆಯ್ಕೆ ಕಡಿಮೆ, ಆದರೆ ಟೈಪ್ ಮಾಡುವವರ ಪಕ್ಕದಲ್ಲೇ ಕೂತು ತಿದ್ದಿಸಬಹುದು. ನನಗೆ ಕೇಳಿದರೆ ಖಾಲಿ ಕಾರ್ಡ್ ಪೇಟೆಯಲ್ಲಿ ಕೊಂಡು, ಅಚ್ಚು ಊರಿನ ಪ್ರೆಸ್ಸಿನಲ್ಲಿ ಹಾಕಿಸುವುದು ಎಲ್ಲಕ್ಕಿಂತ ಮೇಲು. ಕೊಳ್ಳುವಾಗ ಹೆಚ್ಚುವರಿ ಹತ್ತಿಪ್ಪತ್ತು ಕಾರ್ಡ್ ಸೇರಿಸಿ, ಅಚ್ಚಿನಲ್ಲಿ ಕೆಲವು ಕೆಡುತ್ತವೆ. ಆನ್‌ಲೈನ್ ಮುದ್ರಣದಲ್ಲಿ ಮ್ಯಾಟರ್ ಪೂರ್ತಿ ನಮ್ಮ ಕೈಯಲ್ಲೇ ಇರುತ್ತದೆ, ಅದು ದೊಡ್ಡ ಅನುಕೂಲ; ಕನ್ನಡದ ಒತ್ತಕ್ಷರ ಬಿಡಿಬಿಡಿಯಾಗಿ ಒಡೆಯುವ ಅಪಾಯವಿದೆ, ಹಾಗಾಗಿ ಅಕ್ಷರಗಳನ್ನು ಕರ್ವ್ಸ್ ಮಾಡಿದ, ಎಂದರೆ ಚಿತ್ರದ ಗೆರೆಗಳಾಗಿ ಬದಲಿಸಿದ, ಪಿಡಿಎಫ್ ಏರಿಸಬೇಕು.

ವಿಡಿಯೊ ಆಹ್ವಾನ ಮಾಡಿಕೊಡುವವರದು ನಾಲ್ಕರಲ್ಲಿ ಹಿಂದಿನ ಸಾಲು. ಟೆಂಪ್ಲೇಟಿನ ಮೊದಲ ದೃಶ್ಯವೇ ಗಣಪತಿ, ಹಿನ್ನೆಲೆಯಲ್ಲಿ ಶ್ಲೋಕ. ಆ ದೃಶ್ಯ ಕತ್ತರಿಸಿ ಎಂದರೆ ಹಾಡಿಗೂ ಚಿತ್ರಕ್ಕೂ ತಾಳ ತಪ್ಪಿ, ಹೆಸರು ಬರುವ ಹೊತ್ತಿಗೆ ಸಂಗೀತ ನಿಂತುಹೋಗಿರುತ್ತದೆ. ತೆಗೆಯಿರಿ ಎನ್ನುವ ಬದಲು, ಅಷ್ಟೇ ಸೆಕೆಂಡಿನ ಬೇರೆ ಚಿತ್ರ ನೀವೇ ಕೊಡಿ, ಹಿನ್ನೆಲೆಗೆ ನಾದಸ್ವರ ಅಥವಾ ವೀಣೆಯ ಬರೀ ವಾದ್ಯಸಂಗೀತ ಹೇಳಿ.

ಬಂಡಲ್ ಕೊಡುವಾಗ ಅನೇಕ ಪ್ರೆಸ್ಸಿನವರು ಮೇಲಿನ ಕಾರ್ಡಿನ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ‘ದೇವರು ಒಳ್ಳೇದು ಮಾಡ್ಲಿ’ ಎಂದು ಕೈಗಿಡುತ್ತಾರೆ. ಅದು ಅವರ ಪ್ರೀತಿ. ಅಲ್ಲಿ ನಂಬಿಕೆಯ ಚರ್ಚೆ ಎತ್ತುವುದು ಸಣ್ಣತನ. ‘ನಿಮ್ಮ ಬಾಯಿಹರಕೆ ಇರಲಿ, ಮದುವೆಗೆ ಬನ್ನಿ’ ಎಂದರೆ ಸುಳ್ಳೂ ಇಲ್ಲ, ಅವರ ಮಾತಿಗೆ ಅಗೌರವವೂ ಇಲ್ಲ. ಮನೆಮನೆಗೆ ಕರೆಯಲು ಹೋದಾಗಲೂ ಇದೇ ಉತ್ತರ ಸಲ್ಲುತ್ತದೆ. ಹಿರಿಯರು ‘ಮಂಜುನಾಥ ಕಾಪಾಡ್ಲಿ’ ಎಂದರೆ ‘ನೀವು ಮುಂದೆ ನಿಂತು ನಡೆಸಿಕೊಡಬೇಕು’ ಎನ್ನಿ. ಹಾರೈಕೆಯನ್ನು ಹಾರೈಸಿದವರಿಗೇ ಒಪ್ಪಿಸಿದಂತಾಗುತ್ತದೆ. ಕರೆಯುವಾಗ ಕುಂಕುಮ ಕೊಡುವ ರೂಢಿಯಿರುವ ಕಡೆ, ಅದನ್ನು ಮಾಡುವವರು ಜೊತೆಗೆ ಬಂದ ಅತ್ತೆಯೋ ಅಕ್ಕನೋ ಆಗಿರಲಿ. ಕಾರ್ಡ್ ಮಾತ್ರ ಎರಡು ಕೈಯಲ್ಲಿ ಹಿಡಿದು ನೀವೇ ಕೊಡಿ, ಮನೆಯ ಪ್ರತಿಯೊಬ್ಬರ ಹೆಸರು ಹೇಳಿ ಕರೆಯಿರಿ.

ಇದೇ ಪ್ರೆಸ್ಸುಗಳು ಗೃಹಪ್ರವೇಶದ ಕಾರ್ಡನ್ನೂ ತಿಥಿಯ ಕಾರ್ಡನ್ನೂ ಮಾಡುತ್ತವೆ. ಗೃಹಪ್ರವೇಶದ್ದು ಸುಲಭ: ಸತ್ಯನಾರಾಯಣ ಪೂಜೆಯ ಸಾಲು ತೆಗೆದು ಊಟದ ಹೊತ್ತು ಸ್ಪಷ್ಟವಾಗಿ ಹಾಕಿದರೆ ಮುಗಿಯಿತು. ಸಾವಿನ ಕಾರ್ಡ್ ಕಷ್ಟ. ಒಂದೇ ದಿನದಲ್ಲಿ ಬೇಕು, ಪ್ರೂಫ್ ನೋಡುವ ಸ್ಥಿತಿಯಲ್ಲಿ ಮನೆಯವರು ಇರುವುದಿಲ್ಲ. ಬದುಕಿಡೀ ದೇವರನ್ನು ನಂಬದವರ ಹೆಸರಿನ ಹಿಂದೆ ‘ಕೈಲಾಸವಾಸಿ’, ಕೆಳಗೆ ‘ವೈಕುಂಠ ಸಮಾರಾಧನೆ’ ಅಚ್ಚಾಗಿ ಬರುತ್ತದೆ. ನಾಸ್ತಿಕರ ಮನೆಗಳಲ್ಲಿ ಎರಡು ಸಾಲಿನ ಒಕ್ಕಣೆ ಮೊದಲೇ ಬರೆದಿಟ್ಟಿರುವುದು ಒಳ್ಳೆಯದು: ‘ನಮ್ಮ ತಂದೆ ... ಇಂಥ ದಿನ ನಿಧನರಾದರು. ಅವರನ್ನು ನೆನೆಯುವ ನುಡಿನಮನ ಇಂಥ ದಿನ, ಇಂಥ ಕಡೆ.’ ‘ನುಡಿನಮನ’ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ, ಯಾವ ಲೋಕಕ್ಕೂ ಕಳಿಸಬೇಕಾಗಿಲ್ಲ. ದೇಹದಾನ ಮಾಡಿದ್ದರೆ ಅಂತ್ಯಕ್ರಿಯೆಯ ಹೊತ್ತಿನ ಬದಲು, ವೈದ್ಯಕೀಯ ಕಾಲೇಜಿಗೆ ಒಪ್ಪಿಸುವ ಮುಂಚೆ ಎಷ್ಟು ಗಂಟೆಯವರೆಗೆ ಅಂತಿಮ ದರ್ಶನ ಎಂಬುದನ್ನು ವಾಟ್ಸಾಪ್ ಸಂದೇಶದ ಮೊದಲ ಸಾಲಿನಲ್ಲೇ ಹಾಕಿ. ದೂರದಿಂದ ಹೊರಟವರು ಕೇಳುವುದು ಅದೊಂದನ್ನೇ.